ಮಾರುತಿ 800ಕ್ಕೆ ಅಲಾರಂ ನೀವೇ ಕೂರಿಸಬಹುದು, ರಿಮೋಟ್ ಸ್ಟಾರ್ಟ್ ಮಾತ್ರ ಬೇಡ

ಕಾರಿನ ಅಲಾರಂ ಹಾಕುವ ಕೆಲಸದಲ್ಲಿ ಕಷ್ಟದ್ದು ಅಂತ ಏನೂ ಇಲ್ಲ. ಇರುವುದೆಲ್ಲ ತಾಳ್ಮೆಯ ಕೆಲಸ. ಅಂಗಡಿಗೆ ಬಿಟ್ಟರೆ ತಾಳ್ಮೆಯ ಭಾಗವೇ ಮೊದಲು ಹೋಗುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು, ಇನ್ನೊಂದು ವೈರನ್ನು ಅದಕ್ಕೆ ತಿರುಚಿ, ಕಪ್ಪು ಟೇಪ್ ಸುತ್ತಿ ಕಳಿಸುತ್ತಾರೆ. ನಮ್ಮ ತೀರ್ಥಹಳ್ಳಿ ಕಡೆಯ ಮಳೆಗೆ ಆ ಟೇಪಿನ ಅಂಟು ನಿಲ್ಲುವುದಿಲ್ಲ. ನಾನು ದೂರವಾಣಿ ಇಲಾಖೆಯಲ್ಲಿ ಕೇಬಲ್ ಜಾಯಿಂಟ್ ಕೆಲಸ ಮಾಡಿ ನಿವೃತ್ತನಾದವನು. ಒಂದು ಕೆಟ್ಟ ಜಾಯಿಂಟ್ ಎಷ್ಟು ಜನರ ಫೋನ್ ಸಾಯಿಸುತ್ತದೆ ಅಂತ ನೋಡಿದ್ದೇನೆ. ಅದಕ್ಕೇ ನಮ್ಮ 2007ರ ಮಾರುತಿ 800ಕ್ಕೆ ಅಲಾರಂ, ಸೆಂಟ್ರಲ್ ಲಾಕ್ ಎರಡನ್ನೂ ನಾನೇ ಹಾಕಿಕೊಂಡೆ. ಆ ಮೇಲೆ ಬೀದಿಯಲ್ಲಿ ಇನ್ನೂ ಕೆಲವು ಹಳೇ ಕಾರುಗಳಿಗೆ ಹಾಕಿಕೊಟ್ಟೆ.

ಹಳೇ ಕಾರು ಅಂತ ಒತ್ತಿ ಹೇಳುತ್ತಿದ್ದೇನೆ. ಹೊಸ ಕಾರುಗಳಲ್ಲಿ ಬಾಗಿಲು, ದೀಪ, ಲಾಕ್ ಎಲ್ಲದಕ್ಕೂ ಕಂಪ್ಯೂಟರ್ ಮಧ್ಯೆ ಕೂತಿರುತ್ತದೆ. ಒಂದಕ್ಕೊಂದು ಹೆಣೆದ ಎರಡು ಸಣ್ಣ ವೈರುಗಳಲ್ಲಿ ಸಂದೇಶ ಓಡಾಡುತ್ತಿರುತ್ತದೆ. ಅದನ್ನು ಸುಲಿದು ಏನೋ ಸೇರಿಸಿದರೆ ಮೀಟರ್ ಬೋರ್ಡ್ ತುಂಬ ಎಚ್ಚರಿಕೆ ದೀಪ, ಜೊತೆಗೆ ವಾರಂಟಿಯೂ ಹೋಯಿತು. ಅಂಥ ಕಾರಿನವರು ಕಂಪನಿಯ ಕಿಟ್ಟನ್ನೇ ಹಾಕಿಸಿಕೊಳ್ಳಿ.

ಕಿಟ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಒಂದೇ ಸಾಲಿನಲ್ಲಿ ಹತ್ತಾರು ಅಂಗಡಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್‌ನಂಥ ಚಿಲ್ಲರೆ ಸಾಮಾನಿಗೆ ಅಲ್ಲಿಗೆ ಹತ್ತಿರದ ಎಸ್.ಪಿ. ರಸ್ತೆ. ಡಬ್ಬಿ ಬಿಚ್ಚಿಸಿ ನೋಡಿಯೇ ತೆಗೆದುಕೊಳ್ಳಿ. ಒಂದು ಕಂಟ್ರೋಲ್ ಪೆಟ್ಟಿಗೆ, ಎರಡು ರಿಮೋಟ್, ಸೈರನ್, ಕಾರಿಗೆ ಪೆಟ್ಟು ಬಿದ್ದದ್ದನ್ನು ಗುರುತಿಸುವ ಶಾಕ್ ಸೆನ್ಸರ್, ಮಿನುಗುವ ಎಲ್‌ಇಡಿ, ಬಾನೆಟ್ ಸ್ವಿಚ್, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ, ತಡೆಯುವ ಸ್ವಿಚ್), ರಿಮೋಟ್ ಇಲ್ಲದೆಯೂ ಅಲಾರಂ ಆಫ್ ಮಾಡುವ ಗುಟ್ಟಿನ ಓವರ್‌ರೈಡ್ ಸ್ವಿಚ್ ಇರಬೇಕು. ಸೆಂಟ್ರಲ್ ಲಾಕ್ ಬೇಕಾದರೆ ನಾಲ್ಕು ಬಾಗಿಲ ಮೋಟಾರ್. ಎಲ್ಲಕ್ಕಿಂತ ಮುಖ್ಯವಾಗಿ ವೈರಿಂಗ್ ನಕ್ಷೆಯ ಹಾಳೆ ಇರಬೇಕು. ಹಾಳೆ ಇಲ್ಲದ ಕಿಟ್ ಎಷ್ಟೇ ಅಗ್ಗವಾದರೂ ಬೇಡ. ಒಂದು ಕಂಪನಿಯ ಕೆಂಪು ವೈರ್ ಇನ್ನೊಂದರಲ್ಲಿ ಬೇರೇನೋ ಆಗಿರುತ್ತದೆ.

ಅಲಾರಂ ಹಾಕಿದರೆ ಇನ್ಶೂರೆನ್ಸ್ ಕಡಿಮೆಯಾಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಒಪ್ಪಿದ ಸಾಧನ ಇರಬೇಕು, ಹಾಕಿದ್ದಕ್ಕೆ ಆಟೋಮೊಬೈಲ್ ಅಸೋಸಿಯೇಷನ್ನಿನ ಸರ್ಟಿಫಿಕೇಟ್ ಇರಬೇಕು. ಆಗ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5, ಅದೂ 500 ರೂಪಾಯಿ ಮೀರದ ಹಾಗೆ ಅನ್ನುವುದು ಅದರ ಲೆಕ್ಕ. ಹದಿನೈದು ವರ್ಷ ದಾಟಿದ ಕಾರಿಗೆ ಹೆಚ್ಚಿನವರು ಮಾಡಿಸುವುದೇ ಥರ್ಡ್ ಪಾರ್ಟಿ, ಅದರಲ್ಲಿ ಸ್ವಂತ ಹಾನಿಯ ಭಾಗವೇ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ರಿಮೋಟ್ ಸ್ಟಾರ್ಟ್ ವಿಷಯ. ಕಿಟ್ ಮಾರುವವರು "ಸರ್, ಇನ್ನೊಂದು ಸ್ವಲ್ಪ ಹಾಕಿದ್ರೆ ರಿಮೋಟಲ್ಲೇ ಸ್ಟಾರ್ಟ್ ಆಗೋದು ಬರುತ್ತೆ" ಅನ್ನುತ್ತಾರೆ. ಗೇರ್ ಹಾಕುವ ಕಾರಿಗೆ ಅದು ಬೇಡವೇ ಬೇಡ. ಯಾಕೆ ಅಂತ ಮಲೆನಾಡಿನವರಿಗೆ ಜಾಸ್ತಿ ಹೇಳಬೇಕಿಲ್ಲ. ನಮ್ಮಲ್ಲಿ ಸಮತಟ್ಟಾದ ಅಂಗಳ ಎಷ್ಟು ಮನೆಗಿದೆ? ಇಳಿಜಾರಲ್ಲಿ ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿಗೋ ರಿವರ್ಸಿಗೋ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಬರುತ್ತೇವೆ. ಒಳ್ಳೆಯ ಅಭ್ಯಾಸವೇ. ಆದರೆ ಗೇರಿನಲ್ಲಿರುವ ಕಾರಿನ ಸ್ಟಾರ್ಟರ್ ಮೋಟಾರ್ ತಿರುಗಿದರೆ ಕಾರೇ ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಎಂಜಿನ್ ಹತ್ತಿಕೊಂಡರಂತೂ ಹಳೇ ಹ್ಯಾಂಡ್ ಬ್ರೇಕ್ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಜಗಲಿ ಮೇಲೆ ಕೂತು ಬಟನ್ ಒತ್ತಿದವನಿಗೆ ಕಾರಿನ ಮುಂದೆ ಮಗು ಆಡುತ್ತಿರುವುದು ಕಾಣುವುದಿಲ್ಲ.

ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಹಾಗೆ ಒಂದು ಸ್ವಿಚ್ ಇರುತ್ತದೆ. ರಿಮೋಟ್ ಸ್ಟಾರ್ಟ್ ಹಾಕಬೇಕಾದರೆ ಮೊದಲು ಆ ಸ್ವಿಚ್ಚನ್ನೇ ಶಾರ್ಟ್ ಮಾಡಬೇಕು. ಕಾರು ಮಾಡಿದವನು ಇಟ್ಟ ಕಾವಲನ್ನು ನಾವೇ ಕಿತ್ತು ಹಾಕಿದ ಹಾಗಾಯಿತು. ಗೇರ್ ಕಾರಿಗೆಂದೇ ಮಾಡಿದ ವಿದೇಶಿ ಕಿಟ್‌ಗಳೂ ಇವೆ. ಅವುಗಳಲ್ಲಿ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಾಗಿಲು ಹಾಕಬೇಕು. ಆಮೇಲೆ ಕಿಟ್ಟೇ ಎಂಜಿನ್ ನಿಲ್ಲಿಸುತ್ತದೆ. ನಡುವೆ ಯಾರಾದರೂ ಬಾಗಿಲು ತೆಗೆದರೆ ರಿಮೋಟ್ ಸ್ಟಾರ್ಟ್ ರದ್ದು. ಬುದ್ಧಿವಂತ ಏರ್ಪಾಡೇ. ಆದರೆ ಇಳಿಜಾರಲ್ಲಿ ಕಾರನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು ಹೋಗಬೇಕು ಅನ್ನುವ ಏರ್ಪಾಡನ್ನು ನಾನು ನಮ್ಮೂರಿಗೆ ಒಪ್ಪುವುದಿಲ್ಲ.

ನನ್ನ ಅಣ್ಣನ ಮಗ ಕೆನಡಾದ ವಿನ್ನಿಪೆಗ್‌ನಲ್ಲಿದ್ದಾನೆ. "ಚಿಕ್ಕಪ್ಪ, ಇಲ್ಲಿ ಚಳಿಗಾಲಕ್ಕೆ ಮೈನಸ್ 30 ಬರುತ್ತೆ, ರಿಮೋಟ್ ಸ್ಟಾರ್ಟ್ ಇಲ್ದೆ ಕಾರಲ್ಲಿ ಕೂರಕ್ಕಾಗಲ್ಲ" ಅನ್ನುತ್ತಾನೆ. ಅವನಿಗೆ ಅದು ಬೇಕೇ ಬೇಕು. ಅವನದು ಆಟೋಮ್ಯಾಟಿಕ್ ಕಾರು. ಪಾರ್ಕ್‌ನಲ್ಲಿ ಇದ್ದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಇರುವುದಿಲ್ಲ. ಅಂಥ ಕಾರಿಗೆ ಹಾಕುವವರು ಮೂರು ವೈರ್ ಮಾತ್ರ ತಪ್ಪಿಸಬಾರದು. ಒಂದು ಬ್ರೇಕ್ ಪೆಡಲ್ಲಿನದು. ಕೀಲಿ ಇಲ್ಲದೆ ಯಾರಾದರೂ ಬ್ರೇಕ್ ತುಳಿದರೆ ಎಂಜಿನ್ ನಿಲ್ಲಬೇಕು. ಇನ್ನೊಂದು ಬಾನೆಟ್ ಸ್ವಿಚ್ಚಿನದು. ಆಯಿಲ್ ನೋಡಲು ಬಗ್ಗಿದವನ ಕೈ ಫ್ಯಾನ್ ಬೆಲ್ಟಿನ ಹತ್ತಿರ ಇರುವಾಗ ಸ್ಟಾರ್ಟ್ ಆಗಬಾರದು. ಮೂರನೆಯದು ಎಂಜಿನ್ ತಿರುಗುವ ವೇಗ ತಿಳಿಸುವ ಟ್ಯಾಕೊ ವೈರ್. ಎಂಜಿನ್ ಹತ್ತಿಕೊಂಡ ತಕ್ಷಣ ಸ್ಟಾರ್ಟರ್ ಬಿಡುವುದು ಅದರಿಂದ. ಜೊತೆಗೆ ಕೀಲಿಯಲ್ಲಿ ಚಿಪ್ ಇರುವ ಕಾರಾದರೆ ಆ ಚಿಪ್ ಇಲ್ಲದೆ ಎಂಜಿನ್ ಹತ್ತಲು ಬಿಡದ ಇಮೊಬಿಲೈಸರ್ ದಾಟಿಸಲು ಇನ್ನೊಂದು ಪೆಟ್ಟಿಗೆ ಬೇಕು. ಕೆಲವರು ಖರ್ಚು ಉಳಿಸಲು ಎರಡನೇ ಕೀಲಿಯನ್ನೇ ಡ್ಯಾಶ್‌ಬೋರ್ಡ್ ಒಳಗೆ ಕಟ್ಟಿಡುತ್ತಾರೆ. ಕಳ್ಳನಿಗೆ ಕೀಲಿ ಕೊಟ್ಟು ಅಲಾರಂ ಹಾಕಿದರೆ ಏನು ಬಂತು? ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ರಿಮೋಟ್ ಸ್ಟಾರ್ಟ್ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ನಮ್ಮ 800ಕ್ಕೆ ಬರೋಣ. ಮೊದಲು ಮಲ್ಟಿಮೀಟರ್ ಬೇಕು. ಬಲ್ಬ್ ಕಟ್ಟಿದ ಟೆಸ್ಟರ್ ಬೇಡ, ಅದು ಎಳೆಯುವ ಕರೆಂಟಿಗೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಕಡೆಯ ಸಣ್ಣ ವೈರುಗಳು ತಾಳಲಾರವು. ಸೋಲ್ಡರಿಂಗ್ ಐರನ್, ವೈರ್ ಸ್ಟ್ರಿಪ್ಪರ್, 10ನೇ ನಂಬರ್ ಸ್ಪ್ಯಾನರ್, ಬಟ್ಟೆ ಟೇಪ್, ಕೇಬಲ್ ಟೈ, ಒಂದು ಸೈಕಲ್ ಕಡ್ಡಿ ಇಟ್ಟುಕೊಳ್ಳಿ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಕವಚದ ವೈರಿಗೆ ಮೀಟರ್ ಕೂಡ ತಾಗಿಸಬೇಡಿ.

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಕೀಲಿ ಸ್ವಿಚ್ಚಿನಿಂದ ದಪ್ಪ ವೈರುಗಳು ಇಳಿಯುವುದು ಕಾಣುತ್ತದೆ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮೀಟರಿನ ಕಪ್ಪು ಕಡ್ಡಿಯನ್ನು ಬಣ್ಣ ಇಲ್ಲದ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯಿಂದ ಒಂದೊಂದೇ ವೈರ್ ನೋಡುತ್ತಾ ಹೋಗಿ. ಕೀಲಿ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಬ್ಯಾಟರಿಯಿಂದ ನೇರ ಬಂದದ್ದು. ಮೊದಲ ಸುತ್ತಿಗೆ ಜೀವ ಬರುವುದು ರೇಡಿಯೊ ಕಡೆಯದು. ಎರಡನೇ ಸುತ್ತಿಗೆ ಬರುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಸ್ಟಾರ್ಟ್ ಮಾಡಿಸಿ. ಸ್ಟಾರ್ಟರ್ ತಿರುಗುತ್ತಿರುವಾಗ ಒಂದು ವೈರಿನಲ್ಲಿ ವೋಲ್ಟೇಜ್ 10ರ ಆಸುಪಾಸಿಗೆ ಇಳಿದರೂ ಉಳಿದಿರುತ್ತದೆ. ಅದೇ ನಿಜವಾದ ಇಗ್ನಿಷನ್, ಅಲಾರಂಗೆ ಬೇಕಾದದ್ದು ಅದೇ. ಆ ಹೊತ್ತಿಗೆ ಸೊನ್ನೆಗೆ ಬೀಳುವ ವೈರನ್ನು ಕೊಟ್ಟರೆ, ಸ್ಟಾರ್ಟ್ ಮಾಡುವ ನಡುವೆಯೇ ಕೀಲಿ ತೆಗೆದರು ಅಂದುಕೊಳ್ಳುತ್ತದೆ ಪೆಟ್ಟಿಗೆ. ಸ್ಟಾರ್ಟ್ ಮಾಡುವಾಗ ಮಾತ್ರ ವೋಲ್ಟೇಜ್ ಬಂದು, ಕೈ ಬಿಟ್ಟರೆ ಹೋಗುವುದು ಸ್ಟಾರ್ಟರ್ ವೈರ್. ಪ್ರತಿಯೊಂದಕ್ಕೂ ಕಾಗದದ ಚೀಟಿ ಅಂಟಿಸಿ. ಬಣ್ಣ ನಂಬಬೇಡಿ. ಹಳೇ ಕಾರಿನ ವೈರಿಂಗಿಗೆ ಎಷ್ಟು ಜನ ಕೈ ಹಾಕಿದ್ದಾರೋ ಯಾರಿಗೆ ಗೊತ್ತು!

ಬಾಗಿಲಿನ ವೈರನ್ನೂ ಈಗಲೇ ಹುಡುಕಿಬಿಡಿ. ಬಾಗಿಲು ತೆಗೆದಾಗ ಒಳಗಿನ ದೀಪ ಹತ್ತಿಸುವ ಸಣ್ಣ ಸ್ವಿಚ್ ಇದೆಯಲ್ಲ, ಅದರ ವೈರ್. ಬಾಗಿಲು ಹಾಕಿದಾಗ 12, ತೆಗೆದಾಗ ಸೊನ್ನೆ ಬಂದರೆ ಅದು ನೆಗೆಟಿವ್ ಟ್ರಿಗರ್, ಅಂದರೆ ಬಾಗಿಲು ತೆಗೆದಾಗ ಮೈನಸ್ ಕೊಡುವಂಥದ್ದು. ಜಪಾನ್ ಮೂಲದ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಹೀಗೇ. ಕಿಟ್ಟಿನಲ್ಲಿ ಪಾಸಿಟಿವ್‌ಗೆ ಬೇರೆ, ನೆಗೆಟಿವ್‌ಗೆ ಬೇರೆ ವೈರ್ ಇರುತ್ತದೆ. ಬೇಡದ್ದರ ತುದಿಗೆ ಸ್ಲೀವ್ ಹಾಕಿ ಮಡಿಸಿಡಿ. ವೈರನ್ನು ದೀಪದ ಹತ್ತಿರ ತೆಗೆದುಕೊಳ್ಳದೆ ಸ್ವಿಚ್ಚಿನ ಹತ್ತಿರವೇ ತೆಗೆದುಕೊಳ್ಳಿ, ದೀಪದ ಬಟನ್ ಆಫ್ ಇದ್ದರೂ ಅಲಾರಂ ಕೆಲಸ ಮಾಡಬೇಕಲ್ವಾ? ಹಿಂದಿನ ಬಾಗಿಲುಗಳಿಗೆ ಸ್ವಿಚ್ ಇಲ್ಲದಿದ್ದರೆ ಬೇರೆ ತಂದು ಹಾಕಿ ಒಂದೇ ವೈರಿಗೆ ಸೇರಿಸಬಹುದು. ಹಾಗೆ ಬೇರೆ ಬೇರೆ ಸ್ವಿಚ್ ಕೂಡಿಸುವಾಗ ಪ್ರತಿಯೊಂದಕ್ಕೂ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಗೆರೆ ಸ್ವಿಚ್ಚಿನ ಕಡೆಗೆ ಇರಲಿ. ಇಲ್ಲದಿದ್ದರೆ ಬಾನೆಟ್ ಎತ್ತಿದರೆ ಒಳಗಿನ ದೀಪ ಹತ್ತುವಂಥ ವಿಚಿತ್ರಗಳು ಶುರುವಾಗುತ್ತವೆ.

ಹುಡುಕಾಟ ಮುಗಿದ ಮೇಲೆ ಬ್ಯಾಟರಿ ಬಿಚ್ಚಿ. ಮೊದಲು ಮೈನಸ್, ಆಮೇಲೆ ಬೇಕಾದರೆ ಪ್ಲಸ್. ನಮ್ಮ ಎಕ್ಸ್‌ಚೇಂಜುಗಳಲ್ಲಿ 48 ವೋಲ್ಟಿನ ಬ್ಯಾಟರಿಗೆ ಪ್ಲಸ್ಸೇ ಅರ್ತ್. ಕಾರಿನಲ್ಲಿ ತಿರುಗಾಮುರುಗ, ಬಾಡಿ ಪೂರ್ತಿ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಮೊದಲು ಬಿಚ್ಚಿದ್ದರೆ ಆ ಭಯವಿಲ್ಲ.

ಜಾಯಿಂಟ್ ಮಾಡುವ ರೀತಿ ಹೇಳುತ್ತೇನೆ, ಇದರಲ್ಲಿ ನನಗೆ ಹಟ ಜಾಸ್ತಿ. ಕಾರಿನ ವೈರನ್ನು ಕತ್ತರಿಸಬೇಡಿ. ಒಂದೆರಡು ಸೆಂಟಿಮೀಟರಿನಷ್ಟು ಪ್ಲಾಸ್ಟಿಕ್ ಮಾತ್ರ ಸರಿಸಿ. ತಾಮ್ರದ ಎಳೆಗಳನ್ನು ಸೂಜಿಯಿಂದ ಎರಡು ಭಾಗ ಮಾಡಿ, ನಡುವೆ ಹೊಸ ವೈರಿನ ತುದಿ ತೂರಿಸಿ, ಸುತ್ತಿ, ಬಿಗಿಮಾಡಿ, ಸೋಲ್ಡರ್ ಹಾಕಿ. ಸೀಸ ಎಳೆಗಳ ಒಳಗೆ ಹರಿಯಬೇಕು, ಮೇಲೆ ಗುಂಡಾಗಿ ಕೂರಬಾರದು. ಆಮೇಲೆ ಬಟ್ಟೆ ಟೇಪ್, ಮತ್ತೆ ಎರಡೂ ಕಡೆ ಕೇಬಲ್ ಟೈ. ಸೋಲ್ಡರ್ ಮಾಡಿದ ಜಾಗ ಗಟ್ಟಿಯಾಗಿರುತ್ತದೆ, ಅದರ ಪಕ್ಕದಲ್ಲಿ ವೈರ್ ಅಲ್ಲಾಡಿದರೆ ಅಲ್ಲೇ ಮುರಿಯುತ್ತದೆ. ಸೋಲ್ಡರ್ ಬೇಡ, ಲೋಹದ ತೋಳನ್ನು ಒತ್ತಿ ಬಿಗಿಯುವ ಕ್ರಿಂಪ್ ಸಾಕು ಅನ್ನುವವರಿದ್ದಾರೆ. ಒಳ್ಳೆಯ ಟೂಲ್ ಇದ್ದರೆ ಅದೂ ಸರಿಯೇ. ವೈರಿಗೆ ಕಚ್ಚಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಮಾತ್ರ ಬೇಡ. ನಮ್ಮ ಹವೆಗೆ ಅದರೊಳಗೆ ಹಸಿರು ಹಿಡಿಯುತ್ತದೆ.

ಬ್ಯಾಟರಿಯಿಂದ ಬರುವ ವೈರಿಗೆ ಫ್ಯೂಸ್ ಇರಲೇಬೇಕು, ಅದೂ ತೆಗೆದುಕೊಂಡ ಜಾಗದ ಹತ್ತಿರವೇ. ಅರ್ತ್ ವೈರಿಗೆ ಒಂದು ರಿಂಗ್ ಟರ್ಮಿನಲ್ ಹಾಕಿ, ಬಾಡಿಯ ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಬಿಗಿಮಾಡಿ. ಸುಮ್ನೆ ಯಾವುದೋ ಸ್ಕ್ರೂಗೆ ಸುತ್ತಬೇಡಿ. ಅಲಾರಂನ ಹುಚ್ಚಾಟಕ್ಕೆ ಕೆಟ್ಟ ಅರ್ತ್ ದೊಡ್ಡ ಕಾರಣ. ಇಂಡಿಕೇಟರಿಗೆ ಎರಡು ವೈರ್ ಕೊಟ್ಟಿರುತ್ತಾರೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಸೇರಿಸಿದರೆ ಎಡಕ್ಕೆ ತಿರುಗುವಾಗ ಬಲವೂ ಮಿನುಗುತ್ತದೆ.

ಎಂಜಿನ್ ಕಟ್ ರಿಲೇ ಬಗ್ಗೆ ಅಂಗಡಿಯವರಿಗೂ ನನಗೂ ಸರಿಹೋಗುವುದಿಲ್ಲ. ಅವರು ಅದನ್ನು ಪೆಟ್ರೋಲ್ ಪಂಪಿಗೋ ಇಗ್ನಿಷನ್ನಿಗೋ ಹಾಕುತ್ತಾರೆ. ಕಳ್ಳ ಓಡಿಸಲಾರ, ನಿಜ. ಆದರೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದರಲ್ಲಿ ಆ ರಿಲೇ ಕೈಕೊಟ್ಟರೆ ನಿಲ್ಲುವುದು ನಮ್ಮ ಎಂಜಿನ್. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಗಟ್ಟಿ. ಹಾಗಾಗಿ ರಿಲೇ ಸ್ಟಾರ್ಟರ್ ವೈರಿಗೆ ಮಾತ್ರ. ಅದು ಕೆಟ್ಟರೆ ನಿಂತ ಕಾರು ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಓಡುವ ಕಾರಿಗೆ ಏನೂ ಆಗದು.

ಕತ್ತರಿಸಬೇಕಾದ ಒಂದೇ ವೈರ್ ಇದು. ರಿಲೇಯ ಪ್ರತಿ ಕಾಲಿಗೂ ಒಂದು ನಂಬರ್ ಇರುತ್ತದೆ. ಕೀಲಿ ಕಡೆಯ ತುದಿ ರಿಲೇಯ 30ಕ್ಕೆ, ಸ್ಟಾರ್ಟರ್ ಕಡೆಯ ತುದಿ 87ಎಗೆ. 86ಕ್ಕೆ ಇಗ್ನಿಷನ್, 85ಕ್ಕೆ ಅಲಾರಂ ಹಾಕಿದಾಗ ಮೈನಸ್ ಕೊಡುವ ವೈರ್. ರಿಲೇಗೆ ಕರೆಂಟ್ ಇಲ್ಲದಾಗ 30 ಮತ್ತು 87ಎ ಕೂಡಿರುತ್ತವೆ. ಅಂದರೆ ಪೆಟ್ಟಿಗೆ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ. ರಿಲೇ 30 ಆಂಪಿಯರಿಗಿಂತ ಕಡಿಮೆಯದು ಬೇಡ, ಕೀಲಿ ಕಡೆಯ ವೈರಿನಷ್ಟೇ ದಪ್ಪದ ವೈರ್ ಬಳಸಿ.

"ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಿದ್ರೆ?" ಅಂತ ಪಕ್ಕದ ಮನೆಯವರು ಕೇಳಿದರು. ಸರಿಯಾದ ಪ್ರಶ್ನೆ. ಗೇರ್ ಕಾರನ್ನು ಸ್ಟಾರ್ಟರ್ ಇಲ್ಲದೆಯೂ ಎಬ್ಬಿಸಬಹುದು. ಅದಕ್ಕೇ ನಾನು ಗೇರ್ ಲಾಕ್ ಕೂಡ ಹಾಕಿದ್ದೇನೆ. ಕಬ್ಬಿಣದ ಲಾಕಿಗೆ ವೈರಿಂಗ್ ಬೇಡ, ಬ್ಯಾಟರಿ ಬೇಡ.

ಬಾಗಿಲ ಮೋಟಾರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಜಿನ ಹಿಡಿಕೆ ತೆಗೆಯಲು ಅದರ ಹಿಂದೆ ಹಳೇ ಬಟ್ಟೆಯ ಪಟ್ಟಿ ತೂರಿಸಿ ಅತ್ತಿತ್ತ ಎಳೆಯಿರಿ, ಒಳಗಿನ ಕ್ಲಿಪ್ ಹಾರಿ ಬರುತ್ತದೆ. ಎಲ್ಲಿ ಬಿತ್ತು ಅಂತ ಕಣ್ಣಿಟ್ಟಿರಿ. ಐದು ವೈರಿನ ಮೋಟಾರ್ ಡ್ರೈವರ್ ಬಾಗಿಲಿಗೆ, ಎರಡು ವೈರಿನವು ಉಳಿದವಕ್ಕೆ. ಮೋಟಾರಿನ ಕಡ್ಡಿ ಲಾಕಿನ ಕಡ್ಡಿಯ ಜೊತೆ ಒಂದೇ ದಿಕ್ಕಿನಲ್ಲಿ ಚಲಿಸಬೇಕು, ಓರೆಯಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕ್ರೂ ಹೊಡೆಯುವ ಮುಂಚೆ ಗಾಜು ಪೂರ್ತಿ ಇಳಿಸಿ ನೋಡಿ. ಒಂದು ಬಾಗಿಲು ಮಾತ್ರ ಉಲ್ಟಾ ಕೆಲಸ ಮಾಡಿದರೆ ಅದರ ಎರಡು ವೈರ್ ಅದಲುಬದಲು ಮಾಡಿದರೆ ಆಯಿತು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸದೆ ಬಿಡಬೇಡಿ. ಮಳೆ ನೀರು ಕಾರೊಳಗೆ ಬರದಂತೆ ತಡೆಯುವುದು ಅದೇ.

ಸೈರನ್ ಬಾನೆಟ್ ಒಳಗೆ, ಸೈಲೆನ್ಸರಿಗೆ ಹೋಗುವ ಬಿಸಿ ಕೊಳವೆಯಿಂದ ದೂರ. ಬಾಯಿ ಕೆಳಮುಖ ಇರಲಿ, ನೀರು ನಿಲ್ಲಬಾರದು. ವೈರನ್ನು ಒಳಗೆ ತರಲು ಹೊಸ ತೂತು ಕೊರೆಯಬೇಡಿ. ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ಟಿನಲ್ಲಿ ಸೈಕಲ್ ಕಡ್ಡಿ ತೂರಿಸಿ, ಅದರ ತುದಿಗೆ ವೈರ್ ಕಟ್ಟಿ ಎಳೆಯಿರಿ. ಬಾನೆಟ್ ಒಳಗಿನ ವೈರಿಗೆಲ್ಲ ಮಡಿಕೆ ಪೈಪ್ ಹಾಕಿ. ಹೆಗ್ಗಣಗಳಿಗೆ ಹೊಸ ವೈರ್ ಕಂಡರೆ ಬಲು ಪ್ರೀತಿ. ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಒಳಗೆ ಎತ್ತರದಲ್ಲಿ ಕಟ್ಟಿ. ಒಂದು ವೈರೂ ಕ್ಲಚ್, ಬ್ರೇಕ್ ಪೆಡಲ್ಲಿನ ಹತ್ತಿರ ಜೋತಾಡಬಾರದು. ಆಂಟೆನಾ ವೈರನ್ನು ಸುರುಳಿ ಸುತ್ತಬೇಡಿ, ರಿಮೋಟಿನ ದೂರ ಕಡಿಮೆಯಾಗುತ್ತದೆ.

ಶಾಕ್ ಸೆನ್ಸರಿನ ತಿರುಪನ್ನು ಕಡಿಮೆಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಗಾಜಿನ ಮೇಲೆ ಅಂಗೈಯಿಂದ ಬಡಿದರೆ ಕೂಗಬೇಕು, ಕೆಎಸ್‌ಆರ್‌ಟಿಸಿ ಬಸ್ ಹಾದುಹೋದರೆ ಕೂಗಬಾರದು. ನಮ್ಮಲ್ಲಿ ಗುಡುಗಿನ ಪರೀಕ್ಷೆಯೂ ಒಂದಿದೆ. ಮೇ ತಿಂಗಳ ಗುಡುಗಿಗೆ ಬೀದಿಯ ಕಾರುಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದರೆ ಕಳ್ಳ ಬಂದಾಗ ಯಾರೂ ಕಿಟಕಿ ತೆರೆಯುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮಿತಿ. ಆಸ್ಪತ್ರೆ ಹತ್ತಿರ ಮನೆ ಇರುವವರು ಶಾಕ್ ಸೆನ್ಸರ್ ಇನ್ನೂ ಮಂದವಾಗಿಡಿ, ಬಾಗಿಲ ಸ್ವಿಚ್ ಸಾಕು.

ಕೊನೆಗೆ ಬ್ಯಾಟರಿ ಲೆಕ್ಕ. ಮೀಟರನ್ನು 10 ಆಂಪಿಯರಿಗೆ ಇಟ್ಟು, ಬ್ಯಾಟರಿ ಮೈನಸ್ಸಿಗೂ ಅದರ ಕೇಬಲ್ಲಿಗೂ ನಡುವೆ ಸೇರಿಸಿ. ಹಾಗಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಎಲ್ಲ ಆಫ್ ಮಾಡಿ ಅಲಾರಂ ಹಾಕಿದಾಗ 50 ಮಿಲಿಆಂಪಿಯರ್ ಒಳಗೆ ಇರಬೇಕು. 20 ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಆಯಿತು. 800ರ ಬ್ಯಾಟರಿ 35 ಆಂಪಿಯರ್ ಅವರಿನದು. ಒಂದು ತಿಂಗಳು ಕಾರು ಮುಟ್ಟದೆ ಊರಿಗೆ ಹೋಗಿ ಬಂದರೆ ಅರ್ಧದ ಹತ್ತಿರ ಖಾಲಿ. ಅಷ್ಟು ದಿನ ಹೋಗುವುದಾದರೆ ಮೈನಸ್ ಬಿಚ್ಚಿಟ್ಟು ಹೋಗಿ.

ಓವರ್‌ರೈಡ್ ಸ್ವಿಚ್ ಎಲ್ಲಿದೆ, ಹೇಗೆ ಒತ್ತಬೇಕು ಅಂತ ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತೋರಿಸಿಕೊಡಿ, ಅವರ ಕೈಯಲ್ಲೇ ಒಂದು ಸಲ ಮಾಡಿಸಿ. ರಿಮೋಟಿನ ಬ್ಯಾಟರಿ ಮುಗಿಯುವುದು ಹೆಚ್ಚಾಗಿ ಮದುವೆ ಮನೆಯ ಮುಂದೆಯೇ. ಗ್ಯಾರೇಜಿಗೆ ಬಿಡುವಾಗ ಅದೇ ಸ್ವಿಚ್ಚಿನಿಂದ ಅಲಾರಂ ಆಫ್ ಮಾಡಿ ಬರೀ ಕೀಲಿ ಕೊಡಿ, ರಿಮೋಟ್ ನಿಮ್ಮ ಜೇಬಲ್ಲಿರಲಿ.